ಬೋರ್‌ವೆಲ್ಲಿಗೆ ವಯಸ್ಸೆಷ್ಟು

"ಬಾವಿ ನಮ್ಮ ಆಫೀಸಿಗೆ ಸೇರುತ್ತೆ ಮೇಡಂ. ಅದರಿಂದ ಮೇಲೆ ಬಂದ ನೀರು ಸೇರಲ್ಲ."

ಅಂತರ್ಜಲ ಕಚೇರಿಯ ಗುಮಾಸ್ತ ಶೇಖರಪ್ಪ ಇಷ್ಟು ಹೇಳಿ ಟೀ ಹೀರಿದ. ತಮಾಷೆ ಮಾಡ್ತಿದ್ದಾನೇನೋ ಅಂತ ಮುಖ ನೋಡಿದೆ. ಇಲ್ಲ, ಮನುಷ್ಯ ನಿಜವಾಗಿಯೂ ಅದನ್ನೇ ನಂಬಿಕೊಂಡಿದ್ದ.

"ಮೇಲೆ ಬಂದ ನೀರು ಯಾರಿಗೆ ಸೇರುತ್ತೆ?"

"ಪೈಪಿಗೆ ಬಂದ್ರೆ ಬೇರೆ ಇಲಾಖೆ. ಟ್ಯಾಂಕರ್‌ಗೆ ತುಂಬಿದ್ರೆ ಅವರೂ ಅಲ್ಲ, ಅದು ಗಾಡಿ ಲೆಕ್ಕ. ಆರ್‌ಟಿಓದಲ್ಲಿ ಕೇಳಿ."

"ನೀರಿನ ವಿಷಯ ಆರ್‌ಟಿಓದಲ್ಲಿ ಕೇಳ್ಲಾ?"

"ಟ್ಯಾಂಕರ್ ವಿಷಯ ಮೇಡಂ."

ಬೆಳಿಗ್ಗೆಯಿಂದ ಇದೇ ಆಗಿತ್ತು. ಪೈಪಿನವರು ನನ್ನನ್ನು ಬಾವಿಯವರ ಹತ್ತಿರ ಕಳಿಸಿದ್ದರು, ಬಾವಿಯವರು ಈಗ ಗಾಡಿಯವರ ಹತ್ತಿರ ಅಟ್ಟುತ್ತಿದ್ದರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ವಿಜಿಲೆನ್ಸ್ ವಿಭಾಗದಲ್ಲಿ ನಾನು ಕೂದಲು ಬೆಳ್ಳಗಾಗುವವರೆಗೆ ದುಡಿದವಳು. ತಾಮ್ರದ ತಂತಿ ಟಿಫನ್ ಕ್ಯಾರಿಯರ್‌ನಲ್ಲಿ ಆಚೆ ಹೋಗುವುದನ್ನು ವಾಸನೆಯಲ್ಲೇ ಹಿಡಿಯುತ್ತಿದ್ದ ರುದ್ರಮ್ಮ ಅಂತ ಹೆಸರಿತ್ತು. ರಿಟೈರಾದ ಮೇಲೆ ಪೀಣ್ಯದಲ್ಲಿ ಒಂದು ಮೆಸ್ಸಿನ ಮಹಡಿ ಮೇಲೆ ಪತ್ತೇದಾರಿ ಕಚೇರಿ ತೆರೆದಾಗ, ಕಳ್ಳರನ್ನು ಹಿಡಿಯುವುದಕ್ಕಿಂತ ಗುಮಾಸ್ತರಿಂದ ಉತ್ತರ ಹಿಡಿಯುವುದೇ ಕಷ್ಟ ಅಂತ ಯಾರೂ ಎಚ್ಚರಿಸಲಿಲ್ಲ.

ಶೇಖರಪ್ಪನ ಪಕ್ಕದ ಕುರ್ಚಿ ಖಾಲಿ ಇತ್ತು. ಅದು ಅಂಜನ್‌ದು. ಈ ಕಚೇರಿಯ ಕಿರಿಯ ಭೂವಿಜ್ಞಾನಿ. ಶುಕ್ರವಾರ ಹೊನ್ನಶೆಟ್ಟಿಪಾಳ್ಯದ ಬೋರ್‌ವೆಲ್ ನೋಡಿ ಬರುತ್ತೇನೆ ಅಂತ ಹೋದ ಹುಡುಗ, ಅಲ್ಲಿನ ನೀರಿನ ಸಂಪಿನೊಳಗೆ ತಲೆ ಒಡೆದು ಬಿದ್ದಿದ್ದ. ಟ್ಯಾಂಕರ್ ಡ್ರೈವರೊಬ್ಬ ನೋಡಿ ಎತ್ತಿಸಿದ್ದರಿಂದ ಉಸಿರು ಉಳಿದಿದೆ. ಪ್ರಜ್ಞೆ ಇನ್ನೂ ಬಂದಿಲ್ಲ.

ಆ ಬೋರ್‌ವೆಲ್ಲಿನ ಕಾವಲುಗಾರ ನೀಲಪ್ಪನನ್ನು ಪೊಲೀಸರು ನಿನ್ನೆ ಹಿಡಿದು ಹಾಕಿದ್ದರು. ಸಿಂದಗಿ ಕಡೆಯಿಂದ ದುಡಿಯಲು ಬಂದವನು. ಅವನ ಹೆಂಡತಿ ಮಲಕವ್ವ ನನ್ನ ಕಚೇರಿಗೆ ಬಂದು ನೆಲದ ಮೇಲೆ ಕೂತು ಅಳುತ್ತಾ ಒಂದೇ ಮಾತು ಹೇಳಿದ್ದಳು: "ನನ್ನ ಗಂಡ ಇರಿವಿಗೂ ಕೈ ಎತ್ತಂಗಿಲ್ರಿ ಅಕ್ಕಾರ. ಬಿಡಿಸಿಕೊಡ್ರಿ."

ಇವತ್ತು ಸಂಜೆಯೊಳಗೆ ನೀಲಪ್ಪನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಲ್ಲಿಂದ ಜೈಲು. ಈ ಊರಲ್ಲಿ ಅವನಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ. ಒಮ್ಮೆ ಒಳಗೆ ಹೋದರೆ ಆ ಮನುಷ್ಯನನ್ನು ಎಲ್ಲರೂ ಮರೆತುಬಿಡುತ್ತಾರೆ. ಪೊಲೀಸರೇ ಮೊದಲು ಮರೆಯುತ್ತಾರೆ.

ಪೊಲೀಸರ ಕೈಯಲ್ಲಿ ಇದ್ದದ್ದಾದರೂ ಏನು? ಆ ಜಾಗದ ಮಾಲೀಕ ಲಕ್ಷ್ಮಣಪ್ಪನ ಹೇಳಿಕೆ ಒಂದೇ. ನೀಲಪ್ಪ ಆಫೀಸರ್ ಜೊತೆ ಜಗಳ ಆಡುತ್ತಿದ್ದದ್ದನ್ನು ಕಣ್ಣಾರೆ ಕಂಡೆ ಅಂದಿದ್ದ. ತನಗೆ ಆ ಹುಡುಗನ ಮೇಲೆ ಯಾಕೆ ಕೋಪ, ತನ್ನ ಬೋರು ಅಪ್ಪನ ಕಾಲದ್ದು, ಕ್ರಮವಾಗಿ ನೋಂದಣಿ ಆಗಿದೆ ಅಂತಲೂ ಸೇರಿಸಿದ್ದ.

ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಕೆಲವು ವರ್ಷದ ಹಿಂದೆ ಹೊಸ ಕಾನೂನು ಬಂದ ಮೇಲೆ ಈ ಕಡೆಯೆಲ್ಲ ಅನುಮತಿ ಇಲ್ಲದೆ ಬೋರ್ ಕೊರೆಸುವ ಹಾಗಿಲ್ಲ. ಕಾನೂನಿಗೆ ಮೊದಲೇ ಇದ್ದ ಬಾವಿಯಾದರೆ ನೋಂದಾಯಿಸಿದರೆ ಸಾಕು. ಲಕ್ಷ್ಮಣಪ್ಪನ ಬಾವಿ ನಿಜವಾಗಿ ಹಳೆಯದೋ, ಹೊಸದಕ್ಕೆ ಹಳೆಯದರ ವೇಷವೋ, ಅದು ಗೊತ್ತಾದರೆ ಅವನ ಹೇಳಿಕೆಯ ಬಣ್ಣವೂ ಗೊತ್ತಾಗುತ್ತದೆ.

"ಬಾವಿ ಹಳೇದು ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಿ ಶೇಖರಪ್ಪನವರೇ?"

"ಮಾಲೀಕರು ಬರ್ಕೊಡ್ತಾರೆ. ನಾವು ಸ್ಥಳಕ್ಕೆ ಹೋಗಿ ಬಾವಿ ಇದೆಯಾ ಅಂತ ನೋಡ್ತೀವಿ."

"ಇತ್ತಾ?"

"ಇತ್ತು."

"ಹಳೇದಾಗಿತ್ತಾ?"

ಆತ ಟೀ ಲೋಟ ಕೆಳಗಿಟ್ಟ. "ಭೂಮೀಲಿ ಒಂದು ತೂತು ಮೇಡಂ. ತೂತಿಗೆ ವಯಸ್ಸು ಹೇಗ್ರೀ ಗೊತ್ತಾಗುತ್ತೆ?"

ಇವನ ಮೇಲೆ ಕೂಗಾಡಬೇಕು ಅನ್ನಿಸಿತು. ಕೂಗಾಡಲಿಲ್ಲ. ಯಾಕೆಂದರೆ ಇಡೀ ದಿನದಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

*

ಮೆಟ್ರೋ ಓಡಾಡಲು ಶುರುವಾದ ಮೇಲೆ ಪೀಣ್ಯದ ಟ್ರಾಫಿಕ್ ಕಮ್ಮಿಯಾಗುತ್ತದೆ ಅಂದಿದ್ದರು. ಆಟೋದಲ್ಲಿ ಕೂತು ಆ ಮಾತಾಡಿದವರಿಗೆಲ್ಲ ಶಾಪ ಹಾಕುತ್ತಾ ಹೊನ್ನಶೆಟ್ಟಿಪಾಳ್ಯಕ್ಕೆ ಬಂದೆ.

ಒಂದು ಕಾಲಕ್ಕೆ ಊರು, ಈಗ ಕಾರ್ಖಾನೆ ಶೆಡ್ಡುಗಳ ನಡುವೆ ಸಿಕ್ಕಿಕೊಂಡ ನಾಲ್ಕು ಬೀದಿ. ಲಕ್ಷ್ಮಣಪ್ಪನ ಜಾಗ ಕೊನೆಯಲ್ಲಿ. ತಗಡಿನ ಗೇಟು, ಪಂಪ್ ಶೆಡ್ಡು, ಅದರ ಒತ್ತಿಗೆ ನೀಲಪ್ಪ ಮತ್ತು ಮಲಕವ್ವ ಇರುವ ಒಂದು ಕೋಣೆ, ಎದುರಿಗೆ ಸಂಪು. ಸಂಪಿನ ಬಾಯಿಗೆ ಪೊಲೀಸರು ಟೇಪು ಕಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ಟ್ಯಾಂಕರಿನವರು ಪೈಪು ಇಳಿಬಿಟ್ಟಿದ್ದರು. ನೀರಿನ ಮುಂದೆ ಪೊಲೀಸ್ ಟೇಪಿಗೆ ಏನು ಬೆಲೆ!

ಬೋರ್‌ವೆಲ್ ಶೆಡ್ಡಿನ ಹಿಂದೆ ಇತ್ತು. ಸುತ್ತ ಸಿಮೆಂಟಿನ ಕಟ್ಟೆ, ಮೇಲೆ ಅರಿಶಿನ ಕುಂಕುಮ, ಬಾಡಿದ ಸೇವಂತಿಗೆ. ಕಟ್ಟೆಯ ನಡುವೆ ಎದ್ದು ನಿಂತ ಕೇಸಿಂಗ್ ಪೈಪು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿತ್ತು. ನೋಡಿದರೆ ನನಗಿಂತ ಹಳೆಯದು.

ಆದರೆ ಇದು ಪೀಣ್ಯ. ಇಲ್ಲಿ ಗುಜರಿಯಲ್ಲಿ ಯಾವ ವಯಸ್ಸಿನ ಕಬ್ಬಿಣ ಬೇಕೋ ಆ ವಯಸ್ಸಿನದು ಸಿಗುತ್ತದೆ. ಹಳೇ ಪೈಪು ತಂದು ಹೊಸ ತೂತಿನ ಬಾಯಿಗೆ ಇಳಿಸುವುದು ಎಷ್ಟು ಹೊತ್ತಿನ ಕೆಲಸ? ಬೋರ್ ಕೊರೆದಾಗ ಬರುವ ಬೂದು ಬಣ್ಣದ ಕಲ್ಲಿನ ಪುಡಿ ಹುಡುಕಿದೆ. ಇಡೀ ಅಂಗಳಕ್ಕೆ ಜಲ್ಲಿ ಹಾಸಿ ರೋಲರ್ ಓಡಿಸಿದ್ದರು.

ಊರಿನವರನ್ನು ಕೇಳೋಣ ಅಂತ ಬೀದಿಗೆ ಬಂದೆ. ಅಂಗಡಿಯ ನಾಗಲಕ್ಷ್ಮಮ್ಮ ನನ್ನ ಪ್ರಶ್ನೆ ಮುಗಿಯುವ ಮೊದಲೇ ತಲೆ ಆಡಿಸಿದಳು.

"ಬೋರಾ? ನಂಗೆ ಗೊತ್ತಿಲ್ಲಮ್ಮ."

"ಇಲ್ಲೇ ಹುಟ್ಟಿ ಬೆಳೆದಿದೀರಿ. ಪಕ್ಕದ ಬೋರ್ ಯಾವಾಗ ಕೊರೆದ್ರು ಅಂತ ಗೊತ್ತಿಲ್ವಾ?"

"ನಮ್ಮನೆ ಸಿಂಟೆಕ್ಸ್ ಟ್ಯಾಂಕು ತುಂಬೋದು ಅಲ್ಲಿಂದ. ಅದಷ್ಟು ಗೊತ್ತು."

ಅರ್ಥವಾಯಿತು. ಊರಿನ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಎಲ್ಲರ ಬಿಂದಿಗೆಯೂ ಲಕ್ಷ್ಮಣಪ್ಪನ ಟ್ಯಾಂಕರ್ ಕೆಳಗೇ. ಬಾಯಾರಿದ ಊರಿಗೆ ಬಾಯಿ ಬಿಡಿ ಅಂದರೆ ಯಾರು ಬಿಡುತ್ತಾರೆ? ಸಿಟ್ಟು ಬಂತು, ಆದರೆ ಆಕೆಯ ಮೇಲೆ ಸಿಟ್ಟು ಮಾಡಲು ಮನಸ್ಸು ಬರಲಿಲ್ಲ.

ಗಡಿಯಾರ ನೋಡಿಕೊಂಡೆ. ಸಂಜೆ ಹತ್ತಿರವಾಗುತ್ತಿತ್ತು. ಸುತ್ತಿ ಬಳಸುವುದು ಬಿಟ್ಟು ನೇರ ಲಕ್ಷ್ಮಣಪ್ಪನ ಮನೆಗೇ ನಡೆದೆ.

*

ಲಕ್ಷ್ಮಣಪ್ಪ ಬಿಳಿ ಶರ್ಟು ತೊಟ್ಟು ಜಗಲಿಯ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಟ್ಯಾಂಕರ್ ಕಳಿಸುತ್ತಿದ್ದ. ನನ್ನನ್ನು ನೋಡಿ ನಕ್ಕ. ಈ ನಗು ನನಗೆ ಗೊತ್ತು. ಕೈಗೆ ಸರ್ಟಿಫಿಕೇಟ್ ಬಂದ ಮೇಲೆ ಜನರ ಮುಖದಲ್ಲಿ ಬರುವ ನಗು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಆಫೀಸಿಗೆಲ್ಲ ಹೋಗಿದ್ರಂತೆ?"

ನಾನಿನ್ನೂ ಆಟೋದಲ್ಲಿದ್ದಾಗಲೇ ಶೇಖರಪ್ಪ ಫೋನ್ ಮಾಡಿರಬೇಕು. ನನಗೆ ಉತ್ತರ ಕೊಡಲು ಇಲ್ಲದ ಚುರುಕು ಇದಕ್ಕೆ ಇತ್ತು ನೋಡಿ!

"ಹೋಗಿದ್ದೆ. ನಿಮ್ಮ ಬೋರ್ ಯಾವಾಗ ಕೊರೆಸಿದ್ದು ಲಕ್ಷ್ಮಣಪ್ಪನವರೇ?"

"ನಮ್ಮಪ್ಪ ಕೊರೆಸಿದ್ದು. ನಾನು ಚಿಕ್ಕೋನು ಆಗ."

"ಸಾಕ್ಷಿ?"

"ಪೈಪ್ ನೋಡಿದ್ರಲ್ಲ. ಸರ್ಕಾರದ ಮೊಹರೂ ಇದೆ. ಇನ್ನೇನ್ ಬೇಕು?"

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಮಾರಕ್ಕ ಕಾಫಿ ತಂದಳು. ಎಂಬತ್ತರ ಆಸುಪಾಸಿನ ಮುದುಕಿ. ಹಣೆ ತುಂಬ ವಿಭೂತಿ, ಗಟ್ಟಿ ಧ್ವನಿ, ಬೆನ್ನು ಇನ್ನೂ ನೆಟ್ಟಗೆ.

"ಕುಡಿಯವ್ವ. ಬಿಸ್ಲಾಗೆ ಬಂದಿದ್ದೀಯ. ನಮ್ ಗಂಗವ್ವನ ನೀರಿಂದು ಕಾಫಿ. ರುಚಿ ನೋಡು."

ಕಾಫಿ ನಿಜಕ್ಕೂ ಚೆನ್ನಾಗಿತ್ತು. ಹಾಗಂತ ಹೇಳಿದೆ. ಮುದುಕಿಯ ಮುಖ ಅರಳಿತು, ನನ್ನ ಪಕ್ಕದಲ್ಲೇ ಕೂತಳು.

"ಆ ಆಫೀಸರ್ ಉಡ್ಗ ಎಂಗವ್ನೆ? ಬದುಕ್ಲಿ ಪಾಪ. ಆದ್ರೂ ಏಳ್ತೀನಿ, ಪೂಜೆ ಮಾಡಿರೋ ಕಟ್ಟೆ ಮ್ಯಾಲೆ ಬೂಟುಗಾಲಲ್ಲಿ ಅತ್ತೋದಾ? ಈಗಿನ ಐಕ್ಳಿಗೆ ದೇವ್ರು ದಿಂಡ್ರು ಅಂತ ಒಂದಿಷ್ಟು ಭಯ ಬ್ಯಾಡ್ವಾ?"

"ಅವ್ವ, ಒಳಗೋಗು," ಅಂದ ಲಕ್ಷ್ಮಣಪ್ಪ.

ನಾನು ಹೂಂಗುಟ್ಟಿದೆ. ನನ್ನ ತಲೆಯಲ್ಲಿ ಆ ಹಾಳು ತುಕ್ಕಿನ ಪೈಪೇ ತುಂಬಿಕೊಂಡಿತ್ತು. ಎಲ್ಲ ಮುಚ್ಚಿಟ್ಟಿದ್ದಾರೆ, ಕಬ್ಬಿಣ ಸುಳ್ಳು ಹೇಳುತ್ತದೆ, ಊರು ಮಾತಾಡುವುದಿಲ್ಲ, ಕಚೇರಿಗೆ ಗೊತ್ತಿಲ್ಲ. ಎದ್ದು ಹೊರಡಬೇಕು ಅಂತ ಲೋಟ ಕೆಳಗಿಟ್ಟಾಗ ಗೋಡೆಯ ಮೇಲಿದ್ದ ದೊಡ್ಡ ಫೋಟೋ ಕಣ್ಣಿಗೆ ಬಿತ್ತು. ಮದುವೆ ಫೋಟೋ. ಹೊಸ ಹೆಣ್ಣು ಗಂಡು ನಡುವೆ, ಪಕ್ಕದಲ್ಲಿ ರೇಷ್ಮೆ ಸೀರೆಯ ಮಾರಕ್ಕ.

"ಯಾರ ಮದುವೆ ಅಜ್ಜಿ?"

"ನಮ್ ಲಾವಣ್ಯಂದು ಕಣವ್ವ. ಇವನ ಮಗಳು. ಈಗ್ ಬೇಸಿಗೇಲಿ ಆಯ್ತಲ್ಲ, ವೈಶಾಖದಾಗೆ."

ನಮ್ಮ ಮನೆಯ ಮದುವೆಗಳು ನೆನಪಾದವು. ಎಷ್ಟೇ ದೊಡ್ಡ ಛತ್ರ ಹಿಡಿಯಲಿ, ವಾಲಗದ ಜೊತೆ ಹೆಂಗಸರು ಹೋಗಿ ಬಾವಿಗೆ ಪೂಜೆ ಮಾಡಿ ಕಳಶದಲ್ಲಿ ಗಂಗೆ ತರದೆ ಮುಂದಿನ ಶಾಸ್ತ್ರ ಒಂದೂ ನಡೆಯುವುದಿಲ್ಲ. ಯಾವ ಬಾವಿ ಅನ್ನುವುದು ಗಂಡಸರಿಗೆ ನೆನಪಿರುವುದಿಲ್ಲ. ಹೆಂಗಸರು ಸಾಯುವವರೆಗೂ ಮರೆಯುವುದಿಲ್ಲ.

"ಗಂಗೆ ಎಲ್ಲಿಂದ ತಂದ್ರಿ ಅಜ್ಜಿ, ಲಾವಣ್ಯನ ಮದುವೆಗೆ?"

ಮಾರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಹಳ ದಿನದಿಂದ ಯಾರಾದರೂ ಇದನ್ನು ಕೇಳಲಿ ಅಂತಲೇ ಕಾದಿದ್ದವಳ ಹಾಗೆ ಶುರು ಮಾಡಿದಳು.

"ಅದ್ನ ಏನ್ ಕೇಳ್ತೀಯ! ಛತ್ರದ ಮ್ಯಾನೇಜ್ರು ನಲ್ಲಿ ತಿರುಗ್ಸಿ ತುಂಬಿಸ್ಕಳಿ ಅಂದ. ಅವನ ಬಾಯಿಗಿಷ್ಟು! ಮೇಗಲ ಬೀದಿ ಭದ್ರಮ್ಮನ ಮನೆ ಬಾವಿಗೇ ಓದ್ವಿ. ಬಾವಿಗೆ ಕಂಬಿ ಆಕಿ ಬೀಗ ಜಡ್ದವ್ಳೆ. ವಾಲಗದೋರು ಊದ್ತಾನೇ ಅವ್ರೆ, ನೆತ್ತಿ ಮ್ಯಾಲೆ ಬಿಸ್ಲು, ಇವ್ಳು ಬೀಗದ ಕೈ ಉಡುಕ್ತಾನೇ ಅವ್ಳೆ. ಬೇಕಂತಲೇ ಮಾಡಿದ್ದು ಕಣವ್ವ. ಮಾರಕ್ಕ ನನ್ ಬಾಗಿಲಿಗೆ ನೀರಿಗೆ ಬಂದ್ಲು ಅಂತ ನಾಕು ಜನ ನೋಡ್ಲಿ ಅಂತ."

"ಅಯ್ಯೋ, ನಿಮ್ಮದೇ ಬೋರ್ ಇತ್ತಲ್ಲ ಅಜ್ಜಿ?"

ಲಕ್ಷ್ಮಣಪ್ಪ ಫೋನು ಜೇಬಿಗೆ ಹಾಕಿದ.

"ಮೇಡಂ, ಶಾಸ್ತ್ರಕ್ಕೆ ತೆರೆದ ಬಾವೀನೇ ಆಗ್ಬೇಕು. ಬೋರ್ ನೀರು ಬರಲ್ಲ. ನಿಮಗೂ ಗೊತ್ತಿರುತ್ತೆ."

ಒಳ್ಳೆಯ ಉತ್ತರ. ಹಾಗೆ ಹೇಳುವ ಮನೆಗಳೂ ಇವೆ.

ಆದರೆ ತಾಯಿ ಸುಮ್ಮನಿರಬೇಕಲ್ಲ.

"ಯಾಕ್ ಬರಾಕಿಲ್ಲ?" ಮಾರಕ್ಕ ಮಗನ ಕಡೆ ತಿರುಗಿದಳು. "ಗೌರಿ ಅಬ್ಬಕ್ಕೆ ನಮ್ ಬೋರಿಂದ್ಲೇ ತಂದ್ನಲ್ಲ ನಾನು! ಕಟ್ಟೆಗೆ ಬಳೆ ಬಿಚ್ಚೋಲೆ ಇಟ್ಟು, ಬೀದಿ ಎಂಗುಸ್ರನ್ನೆಲ್ಲ ಕರೆದು, ಆ ಭದ್ರಮ್ಮನ್ನೂ ಕರೆದು! ಅವತ್ತು ಮದ್ವೆ ಮುಗಿಸ್ಕಂಡು ಬಂದೋಳೇ ನಿಂಗೆ ಏನಂದೆ? ಮುಂದಿನ ಗೌರಿ ಒತ್ಗೆ ನಮ್ ಮನೇಗೂ ಒಂದು ಗಂಗೆ ಆಗ್ಬೇಕು, ಇಲ್ದಿದ್ರೆ ನಿನ್ ಮನೇಲಿ ಅನ್ನ ಮುಟ್ಟಾಕಿಲ್ಲ ಅಂದೆ. ನೀನು ಮಾಡಿಸ್ಕೊಟ್ಟೆ. ಇಲ್ಲ ಅಂತ ಯಾಕಂತೀಯ ಈಗ?"

ಲಕ್ಷ್ಮಣಪ್ಪ ಕಣ್ಣು ಮುಚ್ಚಿಕೊಂಡ.

ವೈಶಾಖದಲ್ಲಿ ಇರದ ಬಾವಿ ಭಾದ್ರಪದದಲ್ಲಿ ಇತ್ತು. ಈ ಬೇಸಿಗೆ ಮಳೆಗಳ ನಡುವೆ ಹುಟ್ಟಿದ ಬೋರ್‌ವೆಲ್ ಅದು. ಕಬ್ಬಿಣಕ್ಕೆ ಮುದಿತನ ಹಚ್ಚಿದ್ದ, ಅಂಗಳಕ್ಕೆ ಜಲ್ಲಿ ಹಾಸಿದ್ದ, ಕಚೇರಿಯ ಮೊಹರು ತಂದಿದ್ದ, ಊರಿನ ಬಾಯಿ ಕಟ್ಟಿದ್ದ. ಹೆತ್ತವ್ವನಿಗೆ ಮಾತ್ರ ವಿಷಯ ಹೇಳಿರಲಿಲ್ಲ. ಹೇಳುವುದು ಹೇಗೆ? ನಿನ್ನ ಗಂಗವ್ವ ಕಾನೂನಿಗೆ ವಿರೋಧ ಅಂತ ಆ ತಾಯಿಗೆ ಹೇಳುವ ಧೈರ್ಯ ಯಾವ ಮಗನಿಗೆ ಇದೆ?

"ಅವ್ವ, ಒಳಗೋಗು," ಅಂದ ಮತ್ತೆ. ಈ ಸಲ ಮಾರಕ್ಕ ಎದ್ದು ಹೋದಳು. ಏನೋ ಆಗಬಾರದ್ದು ಆಯಿತು ಅಂತ ಅವಳಿಗೂ ಅನ್ನಿಸಿರಬೇಕು.

"ಅನುಮತಿ ಕೇಳ್ಲಿಲ್ಲ ಅನ್ಕೊಂಡ್ರಾ?" ಅಂದ ಲಕ್ಷ್ಮಣಪ್ಪ. ನಗು ಎಲ್ಲೋ ಹೋಗಿತ್ತು. "ಸುತ್ತಿ ಸುತ್ತಿ ಚಪ್ಪಲಿ ಸವೆದೋಯ್ತು. ಈ ಕಡೆ ನೀರು ಕೆಳಗೋಗಿದೆ, ಹೊಸ ಬೋರ್‌ಗೆ ಕೊಡಲ್ಲ ಅಂದ್ರು. ಪಕ್ಕದ ಶೆಡ್‌ನೋರು ರಾತ್ರೋರಾತ್ರಿ ಕೊರೀತಾರೆ, ಅವರನ್ನ ಯಾರೂ ಕೇಳಲ್ಲ. ನಮ್ಮ ತಾತನ ಜಮೀನು ಮೇಡಂ. ಅದರ ಕೆಳಗಿನ ನೀರಿಗೆ ನಾನು ಯಾರ ಕಾಲು ಹಿಡೀಬೇಕು?"

"ನಿಮ್ಮ ಜಮೀನಿನ ಕೆಳಗೆ ಬೇಲಿ ಹಾಕಿದೆಯಾ? ನೀವು ಎಳೆದಾಗ ಊರಿನ ನಲ್ಲಿಗೆ ನೀರು ಕೊಡೋ ಬೋರಿಂದೂ ಬರುತ್ತೆ. ಅದಕ್ಕೇ ನಲ್ಲೀಲಿ ಗಾಳಿ ಬರ್ತಿರೋದು. ತಾಯಿಗೆ ಒಂದು ಗಂಗೆ ಬೇಕಿತ್ತು, ಒಪ್ಪಿದೆ. ಈ ಟ್ಯಾಂಕರ್‌ಗಳು ಯಾವ ಶಾಸ್ತ್ರಕ್ಕೆ?"

ಅವನ ಜೇಬಿನಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ತೆಗೆದು ಆಫ್ ಮಾಡಿದ.

"ಅದು ನಿಮಗೂ ಸರ್ಕಾರಕ್ಕೂ ಬಿಟ್ಟಿದ್ದು. ನನಗೆ ಬೇಕಿರೋದು ನೀಲಪ್ಪ. ಅವನು ಅಂಜನ್ ಜೊತೆ ಜಗಳ ಆಡಿದ್ದನ್ನ ನೀವು ನೋಡಿದ್ರಾ?"

"ಆ ಹುಡುಗನ್ನ ನಾನು ಮುಟ್ಟಿಲ್ಲ ಮೇಡಂ. ಆಣೆ. ಶುಕ್ರವಾರ ನಾನು ನೆಲಮಂಗಲದಲ್ಲಿದ್ದೆ. ಬೇಕಾದಷ್ಟು ಜನ ನೋಡಿದಾರೆ."

"ನೆಲಮಂಗಲದಲ್ಲಿ ಕೂತು ಇಲ್ಲಿನ ಜಗಳ ಕಣ್ಣಾರೆ ಕಂಡ್ರಾ?"

ಲಕ್ಷ್ಮಣಪ್ಪ ಶರ್ಟಿನ ಕಾಲರ್ ಸಡಿಲಿಸಿಕೊಂಡ.

"ಬೋರಿನ ವಿಷಯ ಆಚೆ ಬರಬಾರದು ಅಂತ ಬಡವನ ತಲೆಗೆ ಕಟ್ಟಿದ್ರಿ. ಅಷ್ಟೇ ತಾನೇ?"

"ಯಾರೋ ಅಂದ್ರು, ಜಗಳ ಆಯ್ತು ಅಂತ. ನಾನು ನೋಡ್ದೆ ಅಂತ ಹೇಳ್ಬಿಟ್ಟೆ."

"ಈಗ ನನ್ನ ಜೊತೆ ಸ್ಟೇಷನ್‌ಗೆ ಬಂದು ನೋಡ್ಲಿಲ್ಲ ಅಂತ ಹೇಳ್ತೀರಿ. ಇಲ್ಲಾಂದ್ರೆ ಸಬ್ ಇನ್ಸ್‌ಪೆಕ್ಟರ್ ಇಲ್ಲಿಗೇ ಬರ್ತಾರೆ. ಗೌರಿ ಹಬ್ಬದ ಕಥೆಯನ್ನ ನಿಮ್ಮ ತಾಯಿ ಇನ್ನೊಂದು ಸಲ ಹೇಳ್ತಾರೆ."

ತಾಯಿ ಅಂದದ್ದೇ ತಡ, ಅವನು ಚಪ್ಪಲಿ ಹಾಕಿಕೊಂಡ. ಇಷ್ಟು ಬೇಗ ಬಗ್ಗುತ್ತಾನೆ ಅಂತ ನಾನು ಎಣಿಸಿರಲಿಲ್ಲ. ಮಾತೃಭಕ್ತಿ ಅಂದುಕೊಂಡೆ.

*

ಸಬ್ ಇನ್ಸ್‌ಪೆಕ್ಟರ್ ಸಿದ್ದರಾಜು ಲಕ್ಷ್ಮಣಪ್ಪನ ಮಾತೆಲ್ಲ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ.

"ಮೇಡಂ, ಕೋರ್ಟಿಗೆ ಹೊರಡೋಕೆ ಜೀಪು ರೆಡಿ ಮಾಡಿಸಿದೀನಿ. ಈಗ ಬಂದು ಸಾಕ್ಷಿನೇ ಸುಳ್ಳು ಅಂತೀರಲ್ಲ. ನಿನ್ನೆ ಬರಬಾರದಿತ್ತಾ?"

"ನಿನ್ನೆ ನೀವೇ ಕೇಳಬಾರದಿತ್ತಾ, ಶುಕ್ರವಾರ ಎಲ್ಲಿದ್ರಿ ಅಂತ?"

"ಊರಿನ ದೊಡ್ಡ ಮನುಷ್ಯರು. ನಾನೇ ನೋಡ್ದೆ ಅಂದ್ಮೇಲೆ..."

"ದೊಡ್ಡ ಮನುಷ್ಯರನ್ನ ನೀವು ಕೇಳಲ್ಲ, ನೀಲಪ್ಪನಂಥವರನ್ನ ಕೇಳದೇ ಹಿಡಿದು ಹಾಕ್ತೀರಿ. ಒಳ್ಳೆ ಪೊಲೀಸ್ ಕೆಲಸ."

ಸಿದ್ದರಾಜು ಕೆಟ್ಟವನಲ್ಲ, ಸೋಮಾರಿ. ತಪ್ಪು ಗೊತ್ತಾದರೆ ಒಪ್ಪಿಕೊಳ್ಳುವಷ್ಟು ಒಳ್ಳೆಯತನ ಇದೆ, ಅದನ್ನು ತಾನಾಗಿಯೇ ಹುಡುಕುವಷ್ಟು ಇಲ್ಲ. ಒಂದಷ್ಟು ಗೊಣಗಿ ಕಾನ್‌ಸ್ಟೇಬಲ್‌ಗೆ ಕೈ ಸನ್ನೆ ಮಾಡಿದ.

"ಲಕ್ಷ್ಮಣಪ್ಪನವರೇ, ನೀವು ಇಲ್ಲೇ ಕೂತ್ಕೊಳ್ಳಿ, ಎಲ್ಲೂ ಹೋಗೋ ಹಾಗಿಲ್ಲ. ರೀ, ಆ ನೀಲಪ್ಪನ್ನ ಬಿಡ್ರಿ. ಅವನ ಮೇಲೆ ಇನ್ನೇನೂ ಇಲ್ಲ."

ಬೆಳಿಗ್ಗೆಯಿಂದ ಮೊದಲ ಸಲ ನನಗೆ ಸರಿಯಾಗಿ ಉಸಿರು ಬಂತು. ಮಲಕವ್ವ ಹೊರಗಿನ ಬೆಂಚಿನ ಮೇಲೆ ರೊಟ್ಟಿಯ ಗಂಟು ಹಿಡಿದು ಬೆಳಿಗ್ಗೆಯಿಂದ ಕೂತೇ ಇದ್ದಳು. ಕರೆದೆ. ಗಂಡನನ್ನು ಬಿಡುತ್ತಾರೆ ಅಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನೂ ಮನುಷ್ಯಳೇ, ಕಣ್ಣು ತುಂಬಿ ಬಂತು.

ಕಾನ್‌ಸ್ಟೇಬಲ್ ಲಾಕಪ್ಪಿನ ಬಾಗಿಲು ತೆಗೆದ. ಒಳಗಿನಿಂದ ಯಾರೂ ಬರಲಿಲ್ಲ.

"ಬಾರಪ್ಪ, ಹೊರಗೆ ಬಾ."

ನೀಲಪ್ಪ ಗೋಡೆಗೆ ಒರಗಿ ಕೂತಿದ್ದ. ಏಳಲಿಲ್ಲ.

"ನಾ ಬರಂಗಿಲ್ರಿ ಸಾಹೇಬ್ರ."

"ಏನಂದೆ?"

"ನಾನಽ ದೂಡೀನ್ರಿ ಆ ಸಾಹೇಬ್ರನ್ನ. ಬರಕೋರಿ."

ಸಿದ್ದರಾಜು ನನ್ನ ಕಡೆ ನೋಡಿದ. ನಾನು ನೀಲಪ್ಪನ ಕಡೆ ನೋಡಿದೆ. ಅವನು ಯಾರನ್ನೂ ನೋಡದೆ ನೆಲ ನೋಡುತ್ತಿದ್ದ. ನಿನ್ನೆಯಿಂದ ಒಂದು ಮಾತೂ ಆಡದಿದ್ದ ಈ ಮನುಷ್ಯ, ಬಾಗಿಲು ತೆಗೆದ ಮೇಲೆ ಬಾಯಿ ತೆಗೆದಿದ್ದ! ನನ್ನ ಮೈಯೆಲ್ಲ ಉರಿಯಿತು.

"ನಿನಗೇನು ತಲೆ ಕೆಟ್ಟಿದೆಯೇನೋ? ನಿನ್ನ ಬಿಡಿಸೋಕೆ ಇಡೀ ದಿನ ಬೀದಿ ಬೀದಿ ಅಲೆದಿದೀನಿ. ಬಾ ಆಚೆ!"

"ನಾನಽ ಮಾಡೀನ್ರಿ ಅಕ್ಕಾರ. ಇನ್ನ ಯಾರನ್ನೂ ಕೇಳಬ್ಯಾಡ್ರಿ. ಇಲ್ಲಿಗೇ ಬಿಡ್ರಿ."

ನನ್ನ ಹಿಂದೆ ರೊಟ್ಟಿಯ ಗಂಟು ನೆಲಕ್ಕೆ ಬಿತ್ತು.

"ಸುಳ್ಳ ಯಾಕ ಹೇಳ್ತಿ?" ಮಲಕವ್ವ ಕಂಬಿಯ ಹತ್ತಿರ ನುಗ್ಗಿದಳು. "ಶುಕ್ರವಾರ ನೀ ಎಲ್ಲಿದ್ದಿ? ಗೋದಾಮಿಗೆ ಲೋಡಿಂಗ್ ಮಾಡಾಕ ಹೋಗಿದ್ದಿಲ್ಲನು? ಮಾಲಕರಿಗೆ ಗೊತ್ತಾದ್ರ ಕೆಲಸ ಹೋಗತೈತಿ, ಕೋಣೀ ಬಿಡಸ್ತಾರ ಅಂತ ಸುಮ್ನಿದ್ನಿ. ನೀ ಬಿಡುಗಡಿ ಆಗೂತನಕ ಸುಮ್ನಿರಬೇಕಂತ ಇದ್ನಿ. ಈಗ ಇದೇನ ಹಚ್ಚೀದಿ?"

"ಏ, ಬಾಯಿ ಮುಚ್ಚ!" ನೀಲಪ್ಪ ಎದ್ದು ನಿಂತ. "ಆಕಿ ಮಾತ ಕೇಳಬ್ಯಾಡ್ರಿ ಸಾಹೇಬ್ರ. ಆಕಿಗೆ ಏನೂ ತಿಳಿಯಂಗಿಲ್ಲ."

ಸಿದ್ದರಾಜು ನಿಧಾನವಾಗಿ ಕುರ್ಚಿಯಿಂದ ಎದ್ದ. ಸೋಮಾರಿಯ ಕಣ್ಣೂ ಕೆಲವು ಹೊತ್ತಿನಲ್ಲಿ ಚುರುಕಾಗುತ್ತದೆ.

"ಇವನು ಲೋಡಿಂಗ್‌ಗೆ ಹೋಗಿದ್ರೆ, ಅವತ್ತು ಪಂಪ್ ನೋಡ್ಕೊಂಡೋರು ಯಾರು?"

ಮಲಕವ್ವ ಗಂಡನನ್ನು ನೋಡಿದಳು. ಅವನು ಬೇಡ ಬೇಡ ಅಂತ ತಲೆ ಆಡಿಸುತ್ತಿದ್ದ.

"ನಾ ಇದ್ನಿರಿ. ಇಂವ ಹ್ವಾದಾಗೆಲ್ಲ ನಾನಽ ಚಾಲೂ ಮಾಡ್ತೀನಿ. ಅವತ್ತೂ ನಾನಽ ಇದ್ನಿ."

"ಅಂಜನ್ ಬಂದಾಗ?"

"ಇದ್ನಿರಿ."

"ಅವರು ಸಂಪಿಗೆ ಬಿದ್ದಾಗ?"

"ಇದ್ನಿ."

ಸಿದ್ದರಾಜು ಹೊರಗೆ ಮುಖ ಮಾಡಿ ಕೂಗಿದ. "ಯಾರ್ರೀ ಅಲ್ಲಿ, ಲೇಡಿ ಕಾನ್‌ಸ್ಟೇಬಲ್ ರಾಣಿಯವರನ್ನ ಕರೀರಿ."

ನೀಲಪ್ಪ ಕಂಬಿಗೆ ಹಣೆ ಹಚ್ಚಿ ಅಳತೊಡಗಿದ. ನಾನು ತೆಗೆಸಿದ ಬಾಗಿಲು ತೆರೆದೇ ಇತ್ತು. ಅದು ಈಗ ತೆರೆದುಕೊಂಡಿದ್ದು ಮಲಕವ್ವನಿಗೆ.

"ನನ್ನ ಹತ್ರ ಬಂದವಳು ನೀನು," ಅಂದೆ ಮಲಕವ್ವನಿಗೆ. ಸಿಟ್ಟೋ ಸಂಕಟವೋ ನನಗೇ ತಿಳಿಯಲಿಲ್ಲ. "ಊರೆಲ್ಲ ತಿರುಗಿ ಬಂದೆ. ಒಂದು ಮಾತು ನನಗೆ ಹೇಳಬಾರದಿತ್ತೇನೇ?"

ಅವಳು ಬೈದವಳಂತೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಎಲ್ಲಾರನ್ನೂ ಕೇಳಿದ್ರಿ ಅಕ್ಕಾರ. ನೀ ಎಲ್ಲಿದ್ದಿ ಅಂತ ನನ್ನ ಕೇಳಲಿಲ್ಲ."

ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಪ್ರತಿಯೊಬ್ಬರ ಟಿಫನ್ ಕ್ಯಾರಿಯರ್ ತೆಗೆಸಿದವಳು ನಾನು. ಕಾಲ ಬಳಿ ಕೂತು ಅತ್ತವಳನ್ನು ಒಂದು ಪ್ರಶ್ನೆಯೂ ಕೇಳದೆ ಬಿಟ್ಟಿದ್ದೆ. ಬಡವಳು, ಅಳುತ್ತಿದ್ದಾಳೆ, ಸಾಕು ಅಂದುಕೊಂಡಿದ್ದೆ. ದೊಡ್ಡ ಮನುಷ್ಯ ಅಂತ ಲಕ್ಷ್ಮಣಪ್ಪನನ್ನು ಬಿಟ್ಟ ಸಿದ್ದರಾಜುಗೂ ನನಗೂ ಏನು ವ್ಯತ್ಯಾಸ?

"ಈಗ ಕೇಳ್ತಿದೀನಿ," ಅಂದೆ. "ಸಂಪಿನ ಹತ್ರ ನೀನೊಬ್ಬಳೇ ಇದ್ಯಾ ಮಲಕವ್ವ?"

ಆಗ ಬಾಗಿಲ ಬಳಿಯ ಕುರ್ಚಿ ಕಿರ್ರೆಂದಿತು. ಲಕ್ಷ್ಮಣಪ್ಪ ಎದ್ದು ನಿಂತಿದ್ದ. ಅವನ ಬಿಳಿ ಶರ್ಟು ಬೆವರಿನಿಂದ ಮೈಗೆ ಅಂಟಿತ್ತು. "ಮೇಡಂ, ಅವಳನ್ನ ಬಿಟ್ಬಿಡಿ," ಅಂದ. "ಬೋರ್ ಮುಚ್ಚಿಸ್ತೀನಿ. ನಾನೇ ಮಾಡಿದ್ದು ಅಂತ ಬರ್ಕೊಳ್ಳಿ. ಇನ್ನೇನೂ ಕೇಳ್ಬೇಡಿ."

ಒಂದೇ ತಪ್ಪಿಗೆ ಇಬ್ಬರು ಗಂಡಸರು ನಾನು ತಾನು ಅಂತ ಮುಂದೆ ಬರುತ್ತಿದ್ದರು. ಮಲಕವ್ವ ಅವನತ್ತ ನೋಡಿದಳು. ಅವಳ ಕಣ್ಣಿನಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು.

"ಒಬ್ಬಾಕಿ ಇದ್ದಿಲ್ರಿ," ಅಂದಳು. "ಇವರ ಅವ್ವಾರು ಇದ್ರು. ಬೂಟ್ ಹಾಕ್ಕೊಂಡು ಕಟ್ಟಿ ಹತ್ತಿದ್ರಂತ ಆ ಸಾಹೇಬ್ರನ್ನ ಬೈಕೋತ ಸಂಪಿನತನಕಾ ಬಂದ್ರು."